ಮರಿ ಎಂಜಿನ್ನಿನ ಹೊಗೆ

ನಮ್ಮೂರಲ್ಲಿ ಹೊಗೆ ಮೇಲಕ್ಕೆ ಹೋಗುವುದಿಲ್ಲ, ಮನೆಗೆ ಬರುತ್ತದೆ. ಎಂಜಿನ್ನನ್ನು ಚಾಲೂ ಮಾಡಿದ ಕೈ ಯಾರದೋ ಅವರ ಮನೆಗೆ. ಲಾರಿ ನಾಲ್ಕು ಚೆಕ್‌ಪೋಸ್ಟ್ ದಾಟಿ ಎಲ್ಲೋ ಓಡುತ್ತಿರಲಿ, ಕೀಲಿ ತಿರುಗಿಸಿದವನು ಈ ಊರಿನವನಾಗಿದ್ದರೆ ಅದರ ಹೊಗೆ ಸಂಜೆ ಹೊತ್ತಿಗೆ ರಸ್ತೆ ಹಿಡಿದು ಬಂದು, ಓಣಿ ತಪ್ಪದೆ, ಅವನ ಮನೆಯ ಮಾಡಿನ ಮೇಲೆ ಕೂರುತ್ತದೆ. ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ, ಮಸಿ ಮಾತ್ರ ಉಳಿಯುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮೊದಮೊದಲು ಗಾಬರಿಯಾಗುತ್ತದೆ. ನನಗೂ ಆಗಿತ್ತು. ಬಂದ ಹೊಸದರಲ್ಲಿ ಒಂದು ಸಂಜೆ ನಮ್ಮತ್ತೆ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದವರು ಕತ್ತೆತ್ತಿ ನೋಡಿ, ಬಂದ, ಅನ್ನಕ್ಕಿಡು ಎಂದರು. ನಾನು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದರೆ ಯಾರೂ ಇಲ್ಲ. ಮಾಡಿನ ಮೇಲೆ ನೀಲಿ ಹೊಗೆಯ ಒಂದು ಮುದ್ದೆ ಕೂತಿತ್ತು. ಅನ್ನ ಬೇಯುವಷ್ಟರಲ್ಲಿ ಗಂಡ ಬಂದ.

ಗಂಡನ ಹೆಸರು ಚೌರಪ್ಪ. ಅವನು ವಿರೂಪಣ್ಣನ ತಂಪು ಲಾರಿಗಳ ಕಂಪನಿಯಲ್ಲಿ ಡ್ರೈವರು. ನಾನು, ದಯಾಮಣಿ, ಅದೇ ಕಂಪನಿಯ ಯಾರ್ಡಿನಲ್ಲಿ ಗುಮಾಸ್ತೆ. ಮದುವೆಯಾಗಿ ಬಂದ ಮೇಲೆ ಅವನೇ ಸೇರಿಸಿದ ಕೆಲಸ.

ಈ ಊರಿನಲ್ಲಿ ಯಾರೂ ಏನನ್ನೂ ಮುಚ್ಚಿಡಲು ಸಾಧ್ಯವಿಲ್ಲ ಎಂದು ಹೊರಗಿನವರು ನಗುತ್ತಾರೆ. ಅದು ನಿಜವೇ. ಬೀಡಿ ಬಿಟ್ಟೆ ಎಂದು ದೇವರ ಮುಂದೆ ಆಣೆ ಮಾಡಿ ಬಂದವನ ಕಿಟಕಿಯಲ್ಲಿ ಆಣೆಯ ಬೆನ್ನಿಗೇ ಬೀಡಿ ಹೊಗೆ ಬಂದು ನಿಂತಿರುತ್ತದೆ. ಮದುವೆ ದಲ್ಲಾಳಿಗಳು ಜಾತಕ ಕೇಳುವ ಮೊದಲು ಮಾಡು ನೋಡುತ್ತಾರೆ. ಎರಡು ಸಂಸಾರ ಇಟ್ಟುಕೊಂಡವನನ್ನು ಬೇರೆ ಊರಲ್ಲಿ ಏನೆನ್ನುತ್ತಾರೋ, ನಮ್ಮಲ್ಲಿ ಮಾತ್ರ, ಅವನ ಹೊಗೆ ದಾರಿ ತಪ್ಪಿದೆ ಎನ್ನುತ್ತಾರೆ. ಹೊಗೆ ಸುಮ್ಮನೆ ಬರುವುದಿಲ್ಲ ನೋಡಿ. ಎಂಜಿನ್ ಚಾಲೂ ಮಾಡುವ ಹೊತ್ತಿನಲ್ಲಿ ಯಾವುದನ್ನು ತನ್ನ ಮನೆ ಎಂದುಕೊಂಡಿದ್ದನೋ ಆ ಮನೆಗೇ ಬರುತ್ತದೆ. ಹಾಗಾಗಿ ಡ್ರೈವರುಗಳ ಓಣಿಯಲ್ಲಿ ಸಂಜೆ ಹೆಂಗಸರೆಲ್ಲ ಏನೋ ಕೆಲಸದ ನೆಪ ಮಾಡಿಕೊಂಡು ಅಂಗಳದಲ್ಲಿರುತ್ತಾರೆ. ಕತ್ತು ಮಾತ್ರ ಮೇಲಿರುತ್ತದೆ.

ತಂಪು ಲಾರಿಗೆ ಎಂಜಿನ್ ಎರಡು. ಲಾರಿ ಓಡಿಸುವುದನ್ನು ಯಾರ್ಡಿನಲ್ಲಿ ತಾಯಿ ಎಂಜಿನ್ ಎನ್ನುತ್ತೇವೆ. ಹಿಂದಿನ ಪೆಟ್ಟಿಗೆಯ ಹಣೆಯ ಮೇಲೆ ಇನ್ನೊಂದು ಸಣ್ಣದಿರುತ್ತದೆ, ಅದು ಮರಿ ಎಂಜಿನ್. ಪೆಟ್ಟಿಗೆಯನ್ನು ತಂಪಾಗಿಡುವುದು ಅದರ ಕೆಲಸ. ಸೀಗಡಿ, ಮಲ್ಲಿಗೆ, ಐಸ್‌ಕ್ರೀಮು, ನಮ್ಮೂರಿನಿಂದ ಹೋಗುವುದೆಲ್ಲ ಕೆಡುವ ಸಾಮಾನೇ. ತಾಯಿ ಎಂಜಿನ್ ಲಾರಿ ನಿಂತರೆ ನಿಲ್ಲುತ್ತದೆ, ಮರಿ ಎಂಜಿನ್ ಡ್ರೈವರು ಊಟಕ್ಕೆ ಕೂತಾಗಲೂ ಮಲಗಿದಾಗಲೂ ಡುಗುಡುಗು ಎನ್ನುತ್ತಲೇ ಇರುತ್ತದೆ. ಗಾತ್ರದಲ್ಲಿ ಸಣ್ಣದಾದರೂ ಹೊಗೆಯಲ್ಲಿ ತಾಯಿಯನ್ನು ಮೀರಿಸಿದ್ದು. ಅದರ ಮಸಿ ಜಿಗುಟು. ನಮ್ಮ ಓಣಿಯ ಗೋಡೆಗಳಿಗೆ ಎಷ್ಟು ಸುಣ್ಣ ಬಳಿದರೂ ಒಂದು ಮಳೆಗಾಲ ನಿಲ್ಲುತ್ತಿರಲಿಲ್ಲ. ಒಗೆದ ಬಟ್ಟೆಯನ್ನು ಮಧ್ಯಾಹ್ನವೇ ಒಳಗೆ ತರಬೇಕು. ಮಕ್ಕಳು ಕೆಮ್ಮುತ್ತಲೇ ದೊಡ್ಡವರಾಗುತ್ತಿದ್ದರು, ಮುದುಕರು ಕೆಮ್ಮುತ್ತಲೇ ಹೋಗುತ್ತಿದ್ದರು, ನಮ್ಮತ್ತೆಯೂ ಹಾಗೇ ಹೋದರು.

ಆದ್ದರಿಂದಲೇ ಊರಿನ ಸಭೆ ಕಾನೂನು ಮಾಡಿತು. ಮೊದಲು ತಾಯಿ ಎಂಜಿನ್ನುಗಳಿಗೆ ಮಾಡಿದರು. ಸಾಹುಕಾರರು ಗೊಣಗಿಕೊಂಡೇ ಹೊಸ ಲಾರಿಗಳನ್ನು ತಂದರು, ಹಳೆಯವಕ್ಕೆ ಜಾಲರಿ ಹಾಕಿಸಿದರು, ಓಣಿಯ ಅರ್ಧ ಮಸಿ ಹೋಯಿತು. ಆಮೇಲೆ ಮರಿ ಎಂಜಿನ್ನುಗಳ ಸರದಿ ಬಂತು. ಹಳೇ ಮರಿ ಎಂಜಿನ್ ಇದ್ದರೆ ತೆಗೆದು ಹೊಸದು ಕೂರಿಸಬೇಕು, ಇಲ್ಲವೇ ಮಸಿ ಹಿಡಿಯುವ ಡಬ್ಬಿ ಜೋಡಿಸಬೇಕು. ಯಾರ್ಡಿನಲ್ಲಿ, ಸಂತೆಕಟ್ಟೆಯಲ್ಲಿ ನಿಂತ ಲಾರಿ ಡೀಸೆಲ್ ಸುಡಬಾರದು, ಗೋಡೆಯ ಕರೆಂಟಿಗೆ ವೈರು ಚುಚ್ಚಿಕೊಂಡು ತಂಪಾಗಬೇಕು. ಕೊನೆಯದು ಸಾಹುಕಾರರ ನಿದ್ದೆಗೆಡಿಸಿದ ಮಾತು. ಒಬ್ಬ ಮಾಲೀಕನ ಎಲ್ಲ ಲಾರಿಗಳೂ ಪಾಸಾಗುವ ತನಕ ಅವನ ಒಂದು ಲಾರಿಗೂ ಹಸಿರು ಚೀಟಿ ಇಲ್ಲ. ಹಸಿರು ಚೀಟಿ ಇಲ್ಲದೆ ಬಂದರಿನ ಗೇಟು ತೆಗೆಯುವುದಿಲ್ಲ.

ವಿರೂಪಣ್ಣ ಕಾನೂನಿನ ಪುಸ್ತಕವನ್ನು ರಟ್ಟಿನ ತನಕ ಓದಿ ನನ್ನ ಮೇಜಿನ ಮೇಲಿಟ್ಟ. ಒಳ್ಳೆಯ ಮನುಷ್ಯ, ಆದರೆ ಕಷ್ಟದ ಕೆಲಸ ಕಂಡರೆ ಅವನಿಗೆ ತಕ್ಷಣ ನನ್ನ ಮೇಲೆ ಗೌರವ ಬರುತ್ತದೆ. ಇದು ನಿನ್ನಂಥ ತಿಳಿದವರಿಂದಲೇ ಆಗಬೇಕು ದಯಾಮಣಿ ಎಂದ. ನಾನು ಮಾಡಿದೆ, ಮನಸಿಟ್ಟೇ ಮಾಡಿದೆ. ಫಿಟ್ಟರುಗಳ ಬೆನ್ನು ಹತ್ತಿ, ಡ್ರೈವರುಗಳನ್ನು ಬೈದು, ಯಾರ್ಡಿನ ಗೋಡೆಗುಂಟ ಕರೆಂಟಿನ ಪೆಟ್ಟಿಗೆಗಳನ್ನು ಹಾಕಿಸಿ, ಒಂದೊಂದೇ ಲಾರಿಯನ್ನು ತನಿಖಾಧಿಕಾರಿ ಶಾಂತವೀರನ ಮುಂದೆ ನಿಲ್ಲಿಸಿದೆ. ಅವನು ಹೊಗೆಕೊಳವೆಗೆ ಒಂದು ಬಿಳಿ ಬಟ್ಟೆ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಹೂಂ ಎನ್ನುತ್ತಿದ್ದ. ಅವನು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಪಾಸಾದ ಲಾರಿಗಳ ಮನೆಗಳಿಗೆ ಹೊಗೆ ಬರುವುದು ನಿಂತಿತು. ಕೆಲವು ಹೆಂಗಸರು ನನಗೆ ಹಲಸಿನ ಹಪ್ಪಳ ತಂದುಕೊಟ್ಟರು. ಕೆಲವರು ಜಗಳಕ್ಕೂ ಬಂದರು. ಇನ್ನು ಅವರು ಎಲ್ಲಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು, ಯಾವಾಗ ಒಲೆ ಹಚ್ಚಬೇಕು, ನೀನೇ ಬಂದು ಹೇಳ್ತೀಯಾ ಎಂದು ಕೇಳಿದರು. ಗಂಡಸರು ಮಾತ್ರ ಒಬ್ಬರೂ ಜಗಳಕ್ಕೆ ಬರಲಿಲ್ಲ. ಹೊಸ ಎಂಜಿನ್ ಬಂದ ಮೇಲೆ ಅವರು ಮನೆಗೆ ಬರುವುದು ತಡವಾಗತೊಡಗಿತು, ಮುಖದಲ್ಲಿ ಏನೋ ಕಳೆ ಬಂದಿತ್ತು. ಫೋನಿದೆಯಲ್ಲ, ಮಾಡಿ ಕೇಳಿ ಎಂದು ಹೆಂಗಸರಿಗೆ ಹೇಳಿದೆ. ಫೋನಿನಲ್ಲಿ ಸುಳ್ಳು ಹೇಳಬಹುದು ಎಂದರು.

ನಾನೂ ಅವರ ಹಾಗೇ ಕತ್ತೆತ್ತಿ ಬದುಕುತ್ತಿದ್ದವಳು. ನನ್ನ ಕತೆ ಅವರಿಗಿಂತ ಹೆಚ್ಚು. ಅವರ ಗಂಡಂದಿರು ತಡವಾಗಿಯಾದರೂ ಬರುತ್ತಿದ್ದರು. ಚೌರಪ್ಪ ಬಂದು ವರ್ಷಗಳೇ ಆಗಿದ್ದವು.

ವಿರೂಪಣ್ಣ ಒಂದು ಹಳೇ ಲಾರಿಯನ್ನು ದೂರದ ಬಯಲುಸೀಮೆ ಲೈನಿಗೆ ಗುತ್ತಿಗೆ ಕೊಟ್ಟಿದ್ದ. ಅಲ್ಲಿನ ಗುತ್ತಿಗೆದಾರನೇ ಡ್ರೈವರಿಗೆ ಸಂಬಳ ಕೊಟ್ಟು, ಡೀಸೆಲ್ ಹಾಕಿಸಿಕೊಂಡು, ತನಗೆ ಬೇಕಾದ ಸಾಮಾನು ಹೇರಿಕೊಂಡು, ತನ್ನ ಡಿಪೋದಲ್ಲೇ ಇಟ್ಟುಕೊಳ್ಳುತ್ತಾನೆ. ಆ ಲಾರಿಯ ಜೊತೆ ಚೌರಪ್ಪ ಹೋದ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ. ಆಮೇಲೆ ಕ್ರಿಸ್‌ಮಸ್ಸಿಗೆ ಬಂದ. ಆಮೇಲಿನ ಕ್ರಿಸ್‌ಮಸ್ಸಿಗೆ ಬರಲಿಲ್ಲ. ಫೋನ್ ನಂಬರು ಬದಲಾಯಿತು. ಆದರೆ ಹೊಗೆ ಬರುತ್ತಿತ್ತು. ಒಂದು ದಿನ ತಪ್ಪದೆ, ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಓಣಿಯ ತುದಿಯಲ್ಲಿ ಕಾಣಿಸಿಕೊಂಡು, ಯಾರ ಮನೆಯ ಮೇಲೂ ನಿಲ್ಲದೆ, ನೇರ ನಮ್ಮ ಮಾಡಿಗೆ ಬಂದು ಕೂರುತ್ತಿತ್ತು. ತಾಯಿ ಎಂಜಿನ್ನಿಗೆ ಗುತ್ತಿಗೆದಾರ ಅಲ್ಲೇ ಜಾಲರಿ ಹಾಕಿಸಿದ ಮೇಲೆ ಅದರ ಹೊಗೆ ನಿಂತರೂ ಮರಿ ಎಂಜಿನ್ನಿನದು ನಿಲ್ಲಲಿಲ್ಲ. ಕೇಳಿದವರಿಗೆ ನಾನು ಅವರು ಲೈನ್ ಮೇಲಿದ್ದಾರೆ ಎನ್ನುತ್ತಿದ್ದೆ. ಅದನ್ನು ಹೇಳುವಾಗ ನನಗೆ ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅವನು ಎದ್ದಿದ್ದಾನೆ, ಎಂಜಿನ್ ಚಾಲೂ ಮಾಡಿದ್ದಾನೆ, ಮಾಡುವಾಗ ಮನೆ ಎಂದರೆ ಈ ಮನೆ ಎಂದುಕೊಂಡಿದ್ದಾನೆ. ಇಷ್ಟಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಹೆಂಡತಿಗೆ ಸಿಕ್ಕೀತು? ಬರದೆ ಇರುವುದಕ್ಕೆ ಅವನಿಗೆ ಏನೋ ಕಾರಣವಿರಬೇಕು, ಬರುತ್ತಾನೆ ಎಂದುಕೊಂಡೆ.

ಗುತ್ತಿಗೆದಾರನಿಗೆ ಫೋನ್ ಮಾಡಿ ಚೌರಪ್ಪನನ್ನು ಕರೀರಿ ಎಂದು ಒಮ್ಮೆಯಾದರೂ ಕೇಳಬಹುದಿತ್ತು. ನಂಬರು ನನ್ನ ಮೇಜಿನ ಗಾಜಿನ ಕೆಳಗೇ ಇತ್ತು. ಕೇಳಲಿಲ್ಲ. ಕೇಳಿದರೆ ಅವರು ಏನಾದರೂ ಹೇಳಿಬಿಡುತ್ತಾರೆ ಎಂಬ ಹೆದರಿಕೆ. ಹೊಗೆಯಾದರೆ ಬಂದೆ ಎನ್ನುತ್ತದೆ, ಬೇರೇನೂ ಹೇಳುವುದಿಲ್ಲ. ರಾತ್ರಿ ಒಂದು ತಟ್ಟೆ ಊಟ ಮಾಡಿ, ಒಂದು ಲೋಟ ತೊಳೆದಿಟ್ಟು, ಮಾಡಿನ ಮೇಲೆ ಅದು ಕೂತಿದೆ ಎಂಬ ಧೈರ್ಯದಲ್ಲಿ ಮಲಗುತ್ತಿದ್ದೆ. ಒಂಟಿ ಎಂದು ಅನಿಸುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನಿಸುತ್ತಿತ್ತು. ಆದರೆ ಅದು ಗಂಡ ದೂರದಲ್ಲಿರುವ ಹೆಂಗಸಿನ ಒಂಟಿತನ, ಅದಕ್ಕೊಂದು ಮರ್ಯಾದೆಯಿದೆ.

ಕಷ್ಟವೆಂದರೆ ಆ ಹೊಗೆ ನನ್ನ ಮೇಲೆ ಮಾತ್ರ ಕೂರುತ್ತಿರಲಿಲ್ಲ. ನಮ್ಮದೂ ಮಾಬುನ್ನಿಯದೂ ಒಂದೇ ಮಾಡಿನ ಎರಡು ಮನೆ, ನಡುವೆ ಒಂದು ಗೋಡೆ. ಮಾಬುನ್ನಿಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಹೂ ಕಟ್ಟಿ ಬದುಕುತ್ತಿದ್ದಳು. ಎದೆ ಮೊದಲಿನಿಂದಲೂ ಗಟ್ಟಿಯಿಲ್ಲ. ನಮ್ಮ ಹೊಗೆ ಕೂತಾಗ ಅದರ ಅಂಚು ಅವಳ ಕಡೆಗೆ ಇಳಿಯುತ್ತಿತ್ತು. ಅವಳು ಮಂಚವನ್ನು ಗೋಡೆಯಿಂದ ದೂರ ಎಳೆದುಕೊಂಡಳು, ಆಮೇಲೆ ಹಿಂದಿನ ಕೋಣೆಗೆ ಒಯ್ದಳು, ಆಮೇಲೆ ಅಡಿಗೆಮನೆಯಲ್ಲಿ ಹಾಕಿಕೊಂಡಳು. ಒಂದು ದಿನವೂ ದೂರಲಿಲ್ಲ. ಸಂಜೆ ಗೋಡೆಯಾಚೆಯಿಂದ, ಚೌರಪ್ಪ ಭಾಯ್ ಬಂದ್ರು ನೋಡಿ ದಯಕ್ಕ ಎನ್ನುತ್ತಿದ್ದಳು, ಅಂದು ಕೆಮ್ಮುತ್ತಿದ್ದಳು. ಓಣಿಯ ಎಲ್ಲ ಹೊಗೆಯನ್ನೂ ನಿಲ್ಲಿಸಿದ ಮೇಲೆ ಉಳಿದದ್ದು ನನ್ನದೊಂದೇ. ಊರಿಗೆಲ್ಲ ಬುದ್ಧಿ ಹೇಳಿದವಳ ಮನೆಯ ಮೇಲೆ ದಿನಾ ಕರೀ ಮುದ್ದೆ.

ಸೀಗಡಿ ಕಾಲ ಹತ್ತಿರ ಬಂತು. ಉಳಿದ ಲಾರಿಗಳೆಲ್ಲ ತಯಾರಾಗಿ ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದವು. ಶಾಂತವೀರ ಬಂದು ನೋಡಿ, ಇನ್ನೊಂದು ಎಲ್ಲಿ ಎಂದ. ಬಯಲುಸೀಮೆಯಲ್ಲಿದೆ ಎಂದೆ. ತರಿಸಿ ಎಂದು ಹೊರಟುಹೋದ. ವಿರೂಪಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಎಳೆದುಕೊಂಡು ಮೆಲ್ಲಗೆ ಒಂದು ಮಾತು ಹೇಳಿದ. ಆ ಲಾರಿ ಕೆಟ್ಟು ಗುಜರಿಗೆ ಹೋಯಿತು ಎಂದು ಬರೆದುಕೊಟ್ಟುಬಿಡು, ಅಷ್ಟು ದೂರ ಹೋಗಿ ನೋಡುವವರಾರು, ಲಾರಿ ಅದರ ಪಾಡಿಗೆ ಅಲ್ಲಿ ಓಡಿಕೊಂಡಿರಲಿ, ನಿನಗೂ... ಎಂದು ನಿಲ್ಲಿಸಿದ. ನಿನಗೂ ಅನುಕೂಲ ಎನ್ನಲು ಹೊರಟಿದ್ದ. ಊರಿಗೆಲ್ಲ ಗೊತ್ತಿರುವುದು ಅವನಿಗೆ ಗೊತ್ತಿರದೆ ಇರುತ್ತದೆಯೇ. ನಾನು ನೋಡುತ್ತೇನೆ ಎಂದೆ.

ನೋಡುತ್ತೇನೆ ಎಂದವಳು ಬಹಳ ದಿನ ನೋಡುತ್ತಲೇ ಇದ್ದೆ. ಒಂದು ಸಹಿ ಹಾಕಿದರೆ ಲಾರಿಗಳಿಗೆ ಚೀಟಿ ಸಿಗುತ್ತದೆ, ನನ್ನ ಹೊಗೆ ನನಗೆ ಉಳಿಯುತ್ತದೆ, ಯಾರಿಗೂ ತೊಂದರೆಯಿಲ್ಲ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಒಂದು ಸಂಜೆ ಗೋಡೆಯಾಚೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಮಾಬುನ್ನಿ ಅಡಿಗೆಮನೆಯ ಹೊಸ್ತಿಲಲ್ಲಿ ಕುಸಿದು ಕೂತಿದ್ದಳು, ಹೂವಿನ ಬುಟ್ಟಿ ಮಗುಚಿತ್ತು. ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ, ಕಣ್ಣು ದೊಡ್ಡವಾಗಿವೆ. ಬೆನ್ನು ನೀವಿದೆ, ಬಿಸಿನೀರು ಕುಡಿಸಿದೆ, ಹೊರಗೆ ಬೇವಿನ ಮರದ ಕೆಳಗೆ ಎತ್ತಿಕೊಂಡು ಹೋಗಿ ಕೂರಿಸಿದೆ. ಎಷ್ಟೋ ಹೊತ್ತಿನ ಮೇಲೆ ಉಸಿರು ಸಿಕ್ಕಿತು. ಸಿಕ್ಕಿದ ಮೊದಲ ಉಸಿರಿನಲ್ಲಿ ಅವಳು ಅಂದದ್ದು, ನಿಮ್ಮ ಹೊಗೆ ನಿಲ್ಲಿಸಬೇಡಿ ದಯಕ್ಕ, ನನಗೇನೂ ಆಗಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಾಲ ಬಳಿ ಕೂತು ಅತ್ತುಬಿಟ್ಟೆ.

ಮರುದಿನ ಗುತ್ತಿಗೆದಾರನಿಗೆ ಫೋನ್ ಮಾಡಿ ಲಾರಿ ಕಳಿಸಲು ಹೇಳಿದೆ. ಅವನು ಒಂದಿಷ್ಟು ಕೂಗಾಡಿ ಒಪ್ಪಿಕೊಂಡ. ಡ್ರೈವರು ತರ್ತಾನೆ ಎಂದ. ಯಾವ ಡ್ರೈವರು ಎಂದು ನಾನು ಕೇಳಲಿಲ್ಲ. ಲಾರಿ ಬಂದರೆ ಅದನ್ನು ಓಡಿಸುವವನೂ ಬರಲೇಬೇಕಲ್ಲ. ಆ ಹೊತ್ತಿನ ತನಕ ನಾನು ಕಳೆದುಕೊಳ್ಳುವುದರ ಲೆಕ್ಕವನ್ನೇ ಹಾಕುತ್ತಿದ್ದೆ, ಫೋನಿಟ್ಟ ಮೇಲೆ ಮೊದಲ ಸಲ ಇದು ಹೊಳೆಯಿತು. ಹೊಗೆ ಹೋದರೆ ಹೋಗಲಿ, ಮನುಷ್ಯನೇ ಬರುತ್ತಾನೆ. ಕಾನೂನು ಪಾಲಿಸಿದ್ದಕ್ಕೆ ಯಾರಿಗಾದರೂ ಇಂಥ ಬಹುಮಾನ ಸಿಕ್ಕಿದ್ದುಂಟೇ ಎಂದು ಒಬ್ಬಳೇ ನಕ್ಕೆ. ತಲೆಗೆ ಎರೆದುಕೊಂಡೆ. ಟ್ರಂಕಿನಿಂದ ಹಸಿರು ಸೀರೆ ತೆಗೆದು ಇಸ್ತ್ರಿ ಮಾಡಿದೆ. ಈ ವಯಸ್ಸಿನಲ್ಲಿ ಇದೆಲ್ಲ ಏನು ಎಂದು ನಾಚಿಕೆಯೂ ಆಯಿತು, ಆದರೂ ಉಟ್ಟುಕೊಂಡೇ ಯಾರ್ಡಿಗೆ ಹೋದೆ. ವಿರೂಪಣ್ಣ ನೋಡಿ, ಕಿಟಕಿಯ ಕಡೆ ತಿರುಗಿಕೊಂಡ.

ಲಾರಿ ಮಧ್ಯಾಹ್ನ ಬಂತು. ಮೊದಲು ಕಾಣಿಸಿದ್ದು ಹೊಗೆ. ಪೆಟ್ಟಿಗೆಯ ಹಣೆಯಿಂದ ಹೊರಟು, ಯಾರ್ಡಿನ ಗೋಡೆ ಹಾರಿ, ನಮ್ಮ ಓಣಿಯ ದಿಕ್ಕಿಗೆ ಎಳೆದು ಕಟ್ಟಿದ ಹಗ್ಗದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅದನ್ನು ನೋಡಿ ಸೆರಗು ಸರಿಮಾಡಿಕೊಂಡೆ. ಲಾರಿ ನಿಂತಿತು, ತಾಯಿ ಎಂಜಿನ್ ಆರಿತು, ಬಾಗಿಲು ತೆಗೆದು ಒಬ್ಬ ಇಳಿದ. ತೆಳ್ಳಗೆ, ಉದ್ದಕ್ಕೆ, ಹೆಗಲ ಮೇಲೊಂದು ಟವೆಲ್ಲು. ನಾನು ಇನ್ನೊಂದು ಬಾಗಿಲ ಕಡೆ ಹೋಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಅವನ ಹೆಸರು ಮಲ್ಕಪ್ಪ. ಬಯಲುಸೀಮೆಯವನು, ನಮ್ಮೂರಿಗೆ ಬಂದದ್ದು ಅದೇ ಮೊದಲು. ನೀರು ಕೊಟ್ಟೆ, ಕುಡಿದ. ಇದರ ಡ್ರೈವರು ಎಲ್ಲಿ ಎಂದು ಕೇಳಿದೆ. ನಾನೇ ಎಂದ. ಮೊದಲಿನವರು ಎಂದೆ. ಅವನು ಬಯಲುಸೀಮೆಯ ಒಬ್ಬ ಬಸಲಿಂಗನ ಹೆಸರು ಹೇಳಿದ, ನಾಲ್ಕು ವರ್ಷ ಓಡಿಸಿ ತನಗೆ ಕೊಟ್ಟನಂತೆ. ಅವನಿಗಿಂತ ಮೊದಲು ನಿಮ್ಮೂರಿನವರೇ ಯಾರೋ ಇದ್ದರಂತೆ, ತಾನು ನೋಡಿಲ್ಲ ಎಂದ. ನನಗೆ ಅರ್ಥವಾಗಲಿಲ್ಲ. ಹೊಗೆ ಅಲ್ಲಿ ಕಣ್ಣೆದುರೇ ನಮ್ಮ ಮನೆಗೆ ಹೋಗುತ್ತಿದೆ. ಈ ಮರಿ ಎಂಜಿನ್ ಇವತ್ತು ಬೆಳಿಗ್ಗೆ ಯಾರು ಚಾಲೂ ಮಾಡಿದರು ಎಂದು ಕೇಳಿದೆ. ಅವನು ಯಾರೂ ಮಾಡಿಲ್ಲ ಎಂದ.

"ಯಾರೂ ಕೈ ಹಚ್ಚೋದಿಲ್ರಿ ಅದಕ್ಕ. ಒಮ್ಮೆ ಆಟೋಕ್ಕ ಹಾಕಿದ್ರ ಮುಗೀತು. ಪೆಟ್ಟಿಗಿ ಬೆಚ್ಚಗಾದ್ರ ತಾನ ಚಾಲೂ ಆಗತೈತಿ, ತಂಪಾದ್ರ ತಾನ ನಿಲ್ಲತೈತಿ. ಬಸಲಿಂಗಣ್ಣನೂ ಆ ಸ್ವಿಚ್ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ."

ಇದು ನನಗೆ ಗೊತ್ತಿರದ ವಿಷಯವೇನಲ್ಲ. ಆ ಸ್ವಿಚ್ಚಿನಲ್ಲಿ ಆಟೋ ಎಂಬ ಗುರುತೂ ಇದೆ ಎಂದು ಯಾರ್ಡಿನ ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಸಾಮಾನು ಇಳಿದ ಕೂಡಲೇ ಸ್ವಿಚ್ ಆರಿಸುವುದು, ತುಂಬುವ ಮೊದಲು ಡ್ರೈವರೇ ಹಾಕುವುದು ವಾಡಿಕೆ. ದಿನಾ ಆರಿಸಿ ದಿನಾ ಹಾಕುವ ಊರಿನಲ್ಲಿ, ದಿನಾ ಹೊಗೆ ಬಂದರೆ ದಿನಾ ಒಂದು ಕೈ ಸ್ವಿಚ್ ಹಾಕಿದೆ ಎಂದೇ ಎಲ್ಲರೂ ತಿಳಿಯುವುದು. ಒಮ್ಮೆ ಹಾಕಿದ್ದನ್ನು ಆರಿಸದೆ ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಎಂಜಿನ್ ತಾನೇ ನಿಲ್ಲುತ್ತದೆ, ತಾನೇ ಹೊತ್ತುತ್ತದೆ, ಹೊತ್ತಿದಾಗೆಲ್ಲ ಮೊದಲು ಹಾಕಿದ ಕೈಯ ಮನೆಗೆ ಹೊಗೆ ಕಳಿಸುತ್ತದೆ. ಆ ಕೈ ಎಲ್ಲಿದೆಯೋ, ಇದೆಯೋ ಇಲ್ಲವೋ, ಅದಕ್ಕೇನು.

ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ. ಮಲ್ಕಪ್ಪನಿಗೆ ಹೇಳಲು ಖುಷಿಯೇ ಇತ್ತು. ಎಂಜಿನ್ ಆಯಿಲ್ ಬದಲಿಸುವಾಗಲೂ ಸ್ವಿಚ್ ಆರಿಸುತ್ತಿರಲಿಲ್ಲವಂತೆ, ಅದು ತಾನೇ ನಿಂತ ಹೊತ್ತು ನೋಡಿ ಬೇಗಬೇಗ ಮಾಡುತ್ತಿದ್ದರಂತೆ. ಒಮ್ಮೆ ನಡುವೆಯೇ ಹೊತ್ತಿಕೊಂಡು ಬೆಲ್ಟು ಅವನ ಬೆರಳಿನ ತುದಿ ತಿಂದಿತ್ತು. ಬೆರಳು ತೋರಿಸಿದ.

"ಮೊದಲಿನವರು ಇಳಿದು ಹೋಗುವಾಗ ಬಸಲಿಂಗಣ್ಣನ ಕೈ ಹಿಡಕೊಂಡು ಹೇಳಿದ್ರಂತ್ರಿ. ಇದೊಂದು ಸ್ವಿಚ್ ಮುಟ್ಟಬ್ಯಾಡ್ರಿ, ಇದರ ಹೊಗಿ ನಮ್ಮನಿಗೆ ಹೋಗತೈತಿ, ಹೋಗ್ತಿರೋತನಕ ಆಕಿ ಚಿಂತಿ ಮಾಡಂಗಿಲ್ಲ ಅಂತ. ಹೆಣ್ಣಮಗಳ ವಿಷಯ ನೋಡ್ರಿ, ಅದಕ್ಕ ನಾವು ನಡಸಿಕೊಂಡು ಬಂದೀವಿ."

ಎಲ್ಲಿ ಇಳಿದರು ಎಂದೆ. ಉಪ್ಪಿನಕಟ್ಟೆ ಎಂಬಲ್ಲಿ ಎಂದ. ಅಲ್ಲೇ ಯಾರದೋ ಜೊತೆ ಮನೆ ಮಾಡಿಕೊಂಡು ಇದ್ದರಂತೆ, ಆಮೇಲೆ ಅಲ್ಲಿಂದಲೂ ಎಲ್ಲಿಗೋ ಹೋದರಂತೆ, ಈಗಿನದು ಗೊತ್ತಿಲ್ಲ. ಹೇಳಿ, ಲೋಟ ವಾಪಸು ಕೊಡುತ್ತ, ಆ ಅಕ್ಕ ಇನ್ನೂ ಇದ್ದಾರೇನ್ರಿ ಎಂದು ಕೇಳಿದ. ಇದ್ದಾರೆ ಎಂದೆ.

ನನಗೆ ಬಂದದ್ದು ಸಿಟ್ಟು. ಮೊದಲು ಈ ಮಲ್ಕಪ್ಪನ ಮೇಲೆ, ಕಾಣದ ಆ ಬಸಲಿಂಗನ ಮೇಲೆ. ಯಾರು ಕೇಳಿದ್ದರು ಇವರ ಕನಿಕರವನ್ನು? ಒಬ್ಬಳು ಹೆಂಗಸನ್ನು ವರ್ಷಗಟ್ಟಲೆ ಮಾಡಿನ ಕೆಳಗೆ ಕೂರಿಸಲು ಬೆರಳು ಕತ್ತರಿಸಿಕೊಳ್ಳುವ ಮಹನೀಯರು. ಆದರೆ ಅವನ ಮುಖದಲ್ಲಿ ನಾಟಕವಿರಲಿಲ್ಲ, ಅವನನ್ನು ಬೈದು ಪ್ರಯೋಜನವೂ ಇರಲಿಲ್ಲ. ಚಿಂತೆ ಮಾಡಬಾರದು ಎಂದು ಚೌರಪ್ಪ ಹೇಳಿದ್ದು ನನಗಾಗಿಯಲ್ಲ. ಹೊಗೆ ಬರುತ್ತಿದ್ದರೆ ನಾನು ಹುಡುಕುವುದಿಲ್ಲ. ಹುಡುಕದಿದ್ದರೆ ಅವನಿಗೆ ನೆಮ್ಮದಿ. ಈ ಊರಿನಲ್ಲಿ ಏನನ್ನೂ ಮುಚ್ಚಿಡಲಾಗದು ಎಂದು ನಂಬಿದ್ದವರೆಲ್ಲರಿಗಿಂತ ಅವನು ಜಾಣನಾಗಿದ್ದ. ತನ್ನ ಬದಲು ಒಂದು ಎಂಜಿನ್ನನ್ನು ಸಂಸಾರಕ್ಕೆ ಬಿಟ್ಟುಹೋದ, ನಾನು ಅದರ ಜೊತೆ ಸಂಸಾರ ಮಾಡಿದೆ. ಹಾಗೆ ಯೋಚಿಸುವಾಗಲೇ ಇನ್ನೊಂದೂ ಮನಸ್ಸಿಗೆ ಬಂತು. ಸ್ವಿಚ್ ಹಾಕಿದ ಆ ಕೊನೆಯ ಸಲವಾದರೂ ಮನೆ ಎಂದು ನಮ್ಮ ಮನೆಯನ್ನೇ ನೆನೆದಿದ್ದ, ಇಲ್ಲದಿದ್ದರೆ ಹೊಗೆ ಬರುತ್ತಿರಲಿಲ್ಲ. ಅದನ್ನು ನೆನೆದರೆ ಸಿಟ್ಟು ಕಡಿಮೆಯಾಗುತ್ತದೆ ಅಂದುಕೊಂಡೆ, ಆಗಲಿಲ್ಲ.

ಶಾಂತವೀರ ಬಂದ. ಕೊಳವೆಗೆ ಬಿಳಿ ಬಟ್ಟೆ ಹಿಡಿದ, ಬಟ್ಟೆ ಕಾಡಿಗೆಯಾಯಿತು. ಇದನ್ನು ಆರಿಸಿ, ಬಿಚ್ಚಿ, ಹೊಸದು ಕೂರಿಸಿ ಎಂದ. ಫಿಟ್ಟರುಗಳು ಮಲ್ಕಪ್ಪನನ್ನು ನೋಡಿದರು, ಸ್ವಿಚ್ ಆರಿಸಬೇಕಾದವನು ಡ್ರೈವರು. ಮಲ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನ್ನ ಕೈಲಿ ಆಗೋದಿಲ್ರಿ, ಬೇರೆ ಯಾರಾದರೂ ಮಾಡಲಿ ಎಂದ. ಫಿಟ್ಟರುಗಳು ನಮ್ಮೂರಿನವರೇ, ನನ್ನ ಮುಖ ನೋಡಿದವರು ಯಾರೂ ಏಣಿಯ ಹತ್ತಿರ ಬರಲಿಲ್ಲ. ವಿರೂಪಣ್ಣ ಆಫೀಸಿನ ಬಾಗಿಲಲ್ಲಿ ನಿಂತು, ದಯಾಮಣಿ, ಇನ್ನೂ ಕಾಲ ಮಿಂಚಿಲ್ಲ, ಗುಜರಿ ಎಂದೇ ಬರೆಯೋಣ, ನಾನು ಶಾಂತವೀರರ ಹತ್ತಿರ ಮಾತಾಡುತ್ತೇನೆ ಎಂದ. ಅವನಿಗೆ ಏನೂ ಕೇಳಿಸಿರಲಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಅಂದ.

ನಿಜ ಹೇಳುತ್ತೇನೆ, ಒಂದು ಗಳಿಗೆ ಮನಸ್ಸು ಆಡಿತು. ಸುಳ್ಳೆಂದು ಗೊತ್ತಾದ ಮೇಲೂ ಬೇಕೆನಿಸಿತು. ಸಂಜೆ ಕತ್ತೆತ್ತಿದಾಗ ಏನೂ ಕಾಣದಿರುವುದಕ್ಕಿಂತ ಸುಳ್ಳಾದರೂ ಒಂದು ಹೊಗೆಯ ಮುದ್ದೆ ಕಾಣುವುದು ಮೇಲಲ್ಲವೇ ಎಂದುಕೊಂಡೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ. ಹಸಿರು ಸೀರೆಗೆ ಗ್ರೀಸು ಬಳಿದುಕೊಂಡಿತು. ಸ್ವಿಚ್ಚು ತಗಡಿನ ಮುಚ್ಚಳದ ಒಳಗಿತ್ತು, ಯಾರೂ ಮುಟ್ಟದೆ ಧೂಳು ಗಟ್ಟಿಯಾಗಿ ಕೂತಿತ್ತು. ತಿರುಗಿಸಲು ಎರಡೂ ಕೈ ಬೇಕಾಯಿತು. ಎಂಜಿನ್ ಎರಡು ಸಲ ಅದುರಿ ನಿಂತಿತು. ಕೊಳವೆಯಿಂದ ಹೊರಟಿದ್ದ ಹೊಗೆ ಕಡಿದುಹೋಯಿತು, ಅದರ ಬಾಲ ಗೋಡೆ ದಾಟಿ ಹೋಗುವುದನ್ನು ಏಣಿಯ ಮೇಲಿಂದಲೇ ನೋಡಿದೆ.

ಹೊತ್ತಿಳಿಯುವ ಮೊದಲೇ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರು. ಗೋಡೆಯ ಕರೆಂಟಿಗೆ ವೈರು ಚುಚ್ಚಿದಾಗ ಪೆಟ್ಟಿಗೆ ಸದ್ದಿಲ್ಲದೆ ತಂಪಾಯಿತು. ಶಾಂತವೀರ ಹೂಂ ಎಂದು ಎಲ್ಲ ಲಾರಿಗಳಿಗೂ ಚೀಟಿ ಅಂಟಿಸಿ ಹೋದ. ವಿರೂಪಣ್ಣ ಎಲ್ಲರಿಗೂ ಜಿಲೇಬಿ ತರಿಸಿದ. ಆ ಅಕ್ಕ ನಾನೇ ಎಂದು ಮಲ್ಕಪ್ಪನಿಗೆ ಯಾರೋ ಹೇಳಿರಬೇಕು. ಅವನು ಜಿಲೇಬಿ ಮುಟ್ಟದೆ, ದೂರದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ. ಹೊರಡುವಾಗ ಹತ್ತಿರ ಬಂದು, ತಪ್ಪಾತ್ರಿ ಅಕ್ಕಾರ ಎಂದ. ಬೆರಳು ಜೋಪಾನ ಎಂದು ಹೇಳಿ ಕಳಿಸಿದೆ.

ಮನೆಗೆ ಬಂದಾಗ ಮಧ್ಯಾಹ್ನದ ಹೊಗೆಯ ಚೂರೂ ಮಾಡಿನ ಮೇಲೆ ಉಳಿದಿರಲಿಲ್ಲ, ಗಾಳಿಗೆ ಕರಗಿತ್ತು. ಮೆಟ್ಟಿಲ ಮೇಲೆ ಕೂತೆ. ಓಣಿಯ ತುದಿಯ ತನಕ ಆಕಾಶ ತಿಳಿಯಾಗಿತ್ತು, ತೊಳೆದ ಪಾತ್ರೆಯ ಹಾಗಿತ್ತು. ಮಾಬುನ್ನಿ ಹೂವಿನ ಬುಟ್ಟಿ ಹಿಡಿದು ಹೊರಗೆ ಬಂದಳು. ಕೆಮ್ಮಲಿಲ್ಲ. ಮೇಲೆ ನೋಡಿ, ನನ್ನ ಸೀರೆ ನೋಡಿ, ಅದರ ಮೇಲಿನ ಗ್ರೀಸು ನೋಡಿ, ಅವಳ ಮುಖ ಅರಳಿತು. ಲಾರಿ ಬಂತಂತೆ, ಹೊಸ ಎಂಜಿನ್ ಹಾಕಿದರಂತೆ, ಅದಕ್ಕೇ ಹೊಗೆ ಇಲ್ಲ, ಹಾಗಾದರೆ ಭಾಯ್ ಚೆನ್ನಾಗಿದ್ದಾರೆ ಬಿಡಿ ಎಂದಳು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಇನ್ನು ಹೊಗೆಯ ಸಾಕ್ಷಿ ಕೇಳುವವರೂ ಈ ಊರಲ್ಲಿ ಇರಲಿಲ್ಲ, ಸಾಯುವ ತನಕ ಅವರು ಲೈನ್ ಮೇಲಿದ್ದಾರೆ ಎನ್ನಬಹುದಿತ್ತು.

"ಅವನು ನನ್ನ ಬಿಟ್ಟು ಹೋದ, ಮಾಬುನ್ನಿ," ಅಂದೆ.

ಅವಳು ಬುಟ್ಟಿ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. ಆಮೇಲೆ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಯಾವಾಗ?" ಎಂದಳು.

"ಇವತ್ತು," ಅಂದೆ.